ನಾಲ್ಕು ಕಿಲೋ ಸುಳ್ಳು

ಅರ್ಧ ಇಂಚು ಮಾಸ್ತರರಿಗೆ ಕ್ಯಾನ್ಸರ್ ಅಂತೆ ಎಂಬ ಸುದ್ದಿ ಬೀದಿಗೆ ಮುಟ್ಟಿದ ವಾರ, ಅವರ ಹೊಲಿಗೆ ಅಂಗಡಿಗೆ ಬಟ್ಟೆ ತಂದವರಿಗಿಂತ ಸಲಹೆ ತಂದವರೇ ಜಾಸ್ತಿ. ಎದುರಿನ ಕ್ಷೌರದವನು ಸಕ್ಕರೆ ಮುಟ್ಟಲೇಬೇಡಿ ಎಂದ. ಪಕ್ಕದ ಗಡಿಯಾರ ರಿಪೇರಿಯವನು ಬರೀ ಹಣ್ಣಿನ ರಸದ ಮೇಲೆ ಇದ್ದುಬಿಡಿ ಎಂದ. ದೂರದ ಸಂಬಂಧದ ಚಿಕ್ಕಪ್ಪನೊಬ್ಬ ಫೋನು ಮಾಡಿ, ಕ್ಯಾನ್ಸರೂ ಇಲ್ಲ ಗೀನ್ಸರೂ ಇಲ್ಲ, ಎಲ್ಲ ಗ್ಯಾಸು, ಮೂರು ದಿನ ಉಪವಾಸ ಬಿದ್ದರೆ ತಾನೇ ಇಳಿದುಹೋಗುತ್ತದೆ ಎಂದು ಅಪ್ಪಣೆ ಕೊಟ್ಟ. ಮಾಸ್ತರರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಎಲ್ಲರಿಗೂ ಹ್ಞೂಂಗುಟ್ಟಿದರು. ಬಾಯಲ್ಲಿ ಸೂಜಿ ಇದ್ದರೆ ಬೈಯಬೇಕೆನಿಸಿದರೂ ಬೈಯಲಾಗುವುದಿಲ್ಲ. ಮೂವತ್ತು ವರ್ಷದಲ್ಲಿ ಆ ಸೂಜಿಗಳು ಎಷ್ಟು ಗಿರಾಕಿಗಳನ್ನು ಉಳಿಸಿಕೊಟ್ಟಿವೆಯೋ, ದೇವರಿಗೇ ಗೊತ್ತು.

ಅರ್ಧ ಇಂಚು ಎಂಬುದು ಬೀದಿ ಕೊಟ್ಟ ಬಿರುದು. ಪ್ಯಾಂಟು ಬಿಗಿಯಾಯಿತು ಎಂದು ಯಾರಾದರೂ ಮುಖ ಸಿಂಡರಿಸಿಕೊಂಡು ಬಂದರೆ "ಅರ್ಧ ಇಂಚು ಬಿಡ್ತೀನಿ, ಹೋಗಿ" ಎನ್ನುವರು. ಸಡಿಲವಾಯಿತು ಎಂದು ಬಂದರೆ "ಅರ್ಧ ಇಂಚು ಹಿಡೀತೀನಿ, ಅದಕ್ಕೇನಂತೆ" ಎನ್ನುವರು. ಲೋಕದಲ್ಲಿ ಅರ್ಧ ಇಂಚಿನಲ್ಲಿ ಸರಿಹೋಗದ ತೊಂದರೆಯೇ ಇಲ್ಲ ಎಂಬುದು ಅವರ ನಂಬಿಕೆ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಹದಿನಾಲ್ಕು ಮೆಟ್ಟಿಲು. ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಎರಡು ಯಂತ್ರ, ಇಸ್ತ್ರಿ ಪೆಟ್ಟಿಗೆ, ಹಾಕಿ ನೋಡುವವರಿಗೆಂದು ಪರದೆ ಎಳೆದ ಮೂಲೆ, ಹಿಂದುಗಡೆ ಒಂದು ಬಚ್ಚಲು. ಕತ್ತರಿ ಮಾಸ್ತರರದ್ದು. ಕಾಜಾ ಹಾಕುವುದು, ಗುಂಡಿ ಹಚ್ಚುವುದು, ಅಂಚು ಮಡಚುವುದು ಹೆಂಡತಿಯದ್ದು. ಮದುವೆಯಾಗಿ ಇಪ್ಪತ್ತೇಳು ವರ್ಷವಾದರೂ ಆಕೆ ಕತ್ತರಿ ಮುಟ್ಟಿರಲಿಲ್ಲ. ಮುಟ್ಟಲು ಹೋದರೆ ಮಾಸ್ತರರು ತೊಡೆಯ ಮೇಲಿನ ಕೂಸನ್ನು ಯಾರೋ ಕಿತ್ತುಕೊಂಡ ಹಾಗೆ ಕೂಗಾಡುತ್ತಿದ್ದರು.

ಕರುಳಿನಲ್ಲಿದ್ದ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆದಾಗಿತ್ತು. ಚೂರುಪಾರು ಎಲ್ಲಾದರೂ ಅಡಗಿ ಕೂತಿದ್ದರೆ ಅದನ್ನೂ ಮುಗಿಸಲು ಆರು ಡೋಸು ಕೀಮೋ, ಮೂರು ವಾರಕ್ಕೊಂದು. ಡಾಕ್ಟರಮ್ಮ ವಯಸ್ಸಿನಲ್ಲಿ ಮಾಸ್ತರರ ಅರ್ಧದಷ್ಟಿದ್ದರು, ಗದರುವುದರಲ್ಲಿ ಅವರ ಅಜ್ಜಿಯಂತಿದ್ದರು.

"ನೋಡಿ, ಆರೂ ಡೋಸ್ ಪೂರ್ತಿ ಆಗ್ಬೇಕು. ಮಧ್ಯದಲ್ಲಿ ನಿಲ್ಲಿಸಿದ್ರೆ ಕಾಯಿಲೆ ತಿರುಗಿ ಬರೋ ಸಾಧ್ಯತೆ ಜಾಸ್ತಿ. ಈಗ ನಿಮ್ಮ ತೂಕ ಐವತ್ತೆಂಟು ಕಿಲೋ. ಐವತ್ತಕ್ಕಿಂತ ಕೆಳಗಿಳಿದ್ರೆ ಈ ಔಷಧಿ ತಡ್ಕೊಳ್ಳೋ ಶಕ್ತಿ ನಿಮಗಿರಲ್ಲ. ನಾನು ನಿಲ್ಲಿಸಿಬಿಡ್ತೀನಿ, ಮೂಗಲ್ಲಿ ನಳಿಗೆ ಹಾಕಿ ಊಟ ಕೊಡ್ಬೇಕಾಗುತ್ತೆ. ಅದಕ್ಕೇ ಹೇಳ್ತಿದೀನಿ, ತಿನ್ನಿ. ವಾಂತಿ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮುಂಚೆ ತಗೊಳ್ಳಿ. ತಪ್ಪಿಸ್ಬೇಡಿ."

ಮಾಸ್ತರರು ತಲೆಯಾಡಿಸಿದರು. ತಿನ್ನು ಎಂದು ಹೇಳಿಕೊಡಲು ಏಳು ವರ್ಷ ಓದಬೇಕಾ ಎಂದು ಒಳಗೊಳಗೇ ನಕ್ಕರು. ಹೊತ್ತಿಗೆ ಎರಡು ತಟ್ಟೆ ಅನ್ನ ಹೊಡೆಯುವ ಮನುಷ್ಯ ಅವರು.

ಆ ನಗು ಮೂರೇ ದಿನ ಬಾಳಿತು. ಮೊದಲ ಡೋಸಾದ ನಾಲ್ಕನೆಯ ದಿನ ಬೆಳಿಗ್ಗೆ ಕಣ್ಣು ಬಿಟ್ಟರೆ ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡುತ್ತಿದ್ದಾರೆ. ಬಾಯಲ್ಲಿ ಏನಿಟ್ಟರೂ ತುಕ್ಕು ಕಬ್ಬಿಣ ಚೀಪಿದ ರುಚಿ.

"ಎಲ್ಲಾ ಸೂಜಿ ಚೀಪಿದ ಹಾಗಾಗುತ್ತೆ ಕಣೇ" ಎಂದರು ಹೆಂಡತಿಗೆ.

"ಮೂವತ್ತು ವರ್ಷದಿಂದ ಸೂಜಿ ಚೀಪ್ತಾನೇ ಇದೀರಲ್ರೀ. ಇವತ್ತೇನು ಹೊಸದಾಗಿ ಕಂಡ್ರಿ?" ಎಂದಳು ಆಕೆ. ಹೇಳಿದ್ದು ತಮಾಷೆಗೆ. ಆದರೆ ತಟ್ಟೆ ತೆಗೆದುಕೊಂಡು ಹೋಗುವಾಗ ಒಂದು ತುತ್ತೂ ಕಡಿಮೆಯಾಗಿಲ್ಲ ಎಂದು ನೋಡಿ ಮುಖ ಸಣ್ಣದು ಮಾಡಿಕೊಂಡಳು.

ನಾಲಿಗೆಗಿಂತ ಮೂಗಿನ ಕಾಟ ದೊಡ್ಡದು. ಜೀವಮಾನವೆಲ್ಲ ಇದ್ದೂ ಇಲ್ಲದಂತಿದ್ದ ಮಾಸ್ತರರ ಮೂಗು ಈಗ ಪೊಲೀಸು ನಾಯಿಯ ಮೂಗಾಗಿತ್ತು. ಯಂತ್ರದ ಎಣ್ಣೆ, ಇಸ್ತ್ರಿಯ ಕೆಳಗೆ ಹಬೆಯಾಡುವ ಉಣ್ಣೆ ಬಟ್ಟೆ, ಅಡುಗೆಮನೆಯಿಂದ ಮೆಟ್ಟಿಲಿಳಿದು ಬರುವ ವಾಸನೆ, ಒಂದೊಂದೂ ಗಂಟಲಿಗೆ ಕೈ ಹಾಕಿ ಎಳೆಯುತ್ತಿತ್ತು. ಸೆಂಟು ಸುರಿದುಕೊಂಡು ಬರುವ ಒಬ್ಬ ಗಿರಾಕಿಯ ಸೊಂಟದ ಅಳತೆಯನ್ನು ಮಾಸ್ತರರು ಉಸಿರು ಬಿಗಿಹಿಡಿದು, ಮುಖ ಆ ಕಡೆ ತಿರುಗಿಸಿ, ಒಂದು ಮಾರು ದೂರದಿಂದ ತೆಗೆದರು. ಆ ಪ್ಯಾಂಟಿನೊಳಗೆ ಅವನ ಜೊತೆ ಅವನ ತಮ್ಮನೂ ಹಿಡಿಯುವಷ್ಟು ಜಾಗ ಉಳಿಯಿತು.

ಮಾತ್ರೆ ಕೆಲಸ ಮಾಡುತ್ತಿರಲಿಲ್ಲವೇ ಎಂದರೆ, ಚೆನ್ನಾಗಿಯೇ ಮಾಡುತ್ತಿತ್ತು. ನುಂಗಿದ ದಿನ ಹೊಟ್ಟೆ ತೆಪ್ಪಗಿರುತ್ತಿತ್ತು, ಸ್ವಲ್ಪ ಒಳಗೂ ಹೋಗುತ್ತಿತ್ತು. ಕಷ್ಟವೆಂದರೆ, ನುಂಗಿದ ಅರ್ಧ ಗಂಟೆಗೆ ಕಣ್ಣು ಎಳೆಯುತ್ತಿತ್ತು. ಎರಡನೆಯ ಡೋಸಾದ ವಾರ ಮಾಸ್ತರರು ಮಾತ್ರೆ ನುಂಗಿ ಬ್ಯಾಂಕ್ ಮ್ಯಾನೇಜರರ ಕೋಟು ಕತ್ತರಿಸಲು ನಿಂತರು. ಕೋಟಿನ ಮುಂಭಾಗವೆಂದರೆ ಎರಡು ತುಂಡು, ಎಡಕ್ಕೊಂದು, ಬಲಕ್ಕೊಂದು. ಎರಡನೆಯದನ್ನು ಕತ್ತರಿಸುವ ಮೊದಲು ಕಾಗದದ ನಮೂನೆಯನ್ನು ಮಗುಚಬೇಕು. ಅಂಗಡಿಗೆ ಸೇರಿ ತಿಂಗಳಾಗದವರು ಮರೆಯುತ್ತಾರೆ, ಬೈಸಿಕೊಳ್ಳುತ್ತಾರೆ, ಆಮೇಲೆ ಸಾಯುವ ತನಕ ಮರೆಯುವುದಿಲ್ಲ. ಮಾಸ್ತರರು ಅವತ್ತು ತೂಕಡಿಸುತ್ತಲೇ ಕತ್ತರಿ ಓಡಿಸಿ, ಕೊನೆಗೆ ನೋಡಿದರೆ ಎರಡೂ ಎಡಭಾಗ!

ಅವರು ಆ ಎರಡು ತುಂಡುಗಳನ್ನು ಹಿಡಿದುಕೊಂಡು ಬಹಳ ಹೊತ್ತು ಸ್ಟೂಲಿನ ಮೇಲೆ ಕೂತಿದ್ದರು. ಕಾಯಿಲೆಯ ಹೆಸರು ಕೇಳಿದ ದಿನವೂ ಅವರಿಗೆ ಅಷ್ಟು ಅವಮಾನವಾಗಿರಲಿಲ್ಲ. ಹೆಂಡತಿಗೆ ಗೊತ್ತಾಗದಂತೆ ತುಂಡುಗಳನ್ನು ಚಿಂದಿ ಮೂಟೆಯ ತಳಕ್ಕೆ ತುರುಕಿದರು. ಪೇಟೆಯೆಲ್ಲ ಅಲೆದು ಅದೇ ಬಟ್ಟೆ ಹುಡುಕಿ ತಂದರು. ಅಂದಿನಿಂದ ಮಾತ್ರೆಯನ್ನು ಅರ್ಧ ಮಾಡಿದರು. ಅರ್ಧಕ್ಕೂ ಕಣ್ಣು ಎಳೆದಾಗ, ವಾಂತಿಯಾದ ಮೇಲೆ ತೆಗೆದುಕೊಂಡರಾಯಿತು ಎಂದುಕೊಂಡರು. ವಾಂತಿಯ ಜೊತೆ ಅದೂ ಹೊರಗೆ ಬಂದಾಗ, ಸುಮ್ಮನೆ ದಂಡ ಯಾಕೆ ಎಂದು ಬಿಟ್ಟೇಬಿಟ್ಟರು.

ಹೆಂಡತಿಗೆ ಇದ್ಯಾವುದೂ ಗೊತ್ತಿಲ್ಲ. ಊಟವನ್ನು "ಕೆಳಗೇ ಕಳಿಸು, ಕೆಲಸ ಮಾಡ್ತಾ ತಿಂತೀನಿ" ಎಂದು ಅಂಗಡಿಗೆ ತರಿಸಿಕೊಂಡರು. ಬೇಯಿಸಿದ ಮೊಟ್ಟೆ, ಬೆಣ್ಣೆ ಬ್ರೆಡ್ಡು, ಆಲೂಗಡ್ಡೆ, ಎಲ್ಲವೂ ಹಿಂಬಾಗಿಲಿನಿಂದ ಬೀದಿ ನಾಯಿಗೆ ಸಂದಾಯವಾದವು. ಮಾಸ್ತರರು ಕಳೆದುಕೊಂಡ ಒಂದೊಂದು ಕಿಲೋವನ್ನೂ ಆ ನಾಯಿ ಮೈಮೇಲೆ ಹಾಕಿಕೊಂಡು ಓಡಾಡತೊಡಗಿತು. ವಾಂತಿ ಬಂದರೆ ಬಚ್ಚಲಿನ ನಲ್ಲಿಯನ್ನು ಪೂರ್ತಿ ತಿರುಗಿಸಿ, ಬಕೆಟ್ಟಿಗೆ ನೀರು ಧೋ ಎಂದು ಬೀಳುವ ಸದ್ದಿನಲ್ಲಿ ಕೆಲಸ ಮುಗಿಸುವರು. ಖಾಲಿ ತಟ್ಟೆ ನೋಡಿ ಹೆಂಡತಿಯ ಮುಖ ಅರಳುತ್ತಿತ್ತು. ಅದನ್ನು ನೋಡಲು ಮಾಸ್ತರರಿಗೆ ಸಂಕಟವಾಗುತ್ತಿತ್ತು. ಆದರೂ ಮಾರನೆಯ ದಿನ ಅದೇ ನಾಯಿ, ಅದೇ ನಲ್ಲಿ.

ಮನುಷ್ಯ ಇಳಿದುಹೋದರೆ ಮೊದಲು ಸಾಕ್ಷಿ ಹೇಳುವುದು ಬಟ್ಟೆ. ಭುಜ ಜೋಲುತ್ತದೆ, ಕಾಲರಿನೊಳಗೆ ಕುತ್ತಿಗೆ ಸೌಟಿನಂತೆ ಅಲ್ಲಾಡುತ್ತದೆ. ಬೇರೆಯವರಾಗಿದ್ದರೆ ಹತ್ತು ದಿನದಲ್ಲಿ ಸಿಕ್ಕಿಬೀಳುತ್ತಿದ್ದರು. ಇವರು ಟೈಲರು. ಪ್ರತಿ ವಾರ ಅಂಗಡಿ ಮುಚ್ಚಿಕೊಂಡು ತಮ್ಮ ಅಂಗಿ ಪ್ಯಾಂಟುಗಳ ಹೊಲಿಗೆ ಬಿಚ್ಚಿ, ಅರ್ಧ ಇಂಚು ಹಿಡಿದು, ಮತ್ತೆ ಹೊಲಿದು, ಇಸ್ತ್ರಿ ಮಾಡಿ ಹಾಕಿಕೊಳ್ಳುವರು. ಬಟ್ಟೆ ಮೈಗೆ ಅಂಟಿದಂತೆ ಕೂರುತ್ತಿತ್ತು. "ಏನ್ ಮಾಸ್ತರೇ, ಮೊದಲಿಗಿಂತ ಚೆನ್ನಾಗಿದೀರ! ಸಕ್ಕರೆ ಬಿಟ್ಟಿದ್ದು ನೋಡಿ" ಎಂದು ಕ್ಷೌರದವನು ತನ್ನ ಸಲಹೆಯ ಬೆನ್ನು ತಾನೇ ತಟ್ಟಿಕೊಂಡ.

ಆಸ್ಪತ್ರೆಯ ತೂಕದ ಯಂತ್ರ ಮಾತ್ರ ಕ್ಷೌರದವನಷ್ಟು ದಡ್ಡನಲ್ಲ. ಮೂರನೆಯ ಡೋಸಿಗೆ ಮೂರು ದಿನ ಇದೆಯೆನ್ನುವಾಗ ಮಾಸ್ತರರು ಹಳೇ ಪೇಪರಿನವನ ತಕ್ಕಡಿ ಹತ್ತಿ ನೋಡಿದರು. ಐವತ್ಮೂರು. ಹೀಗೇ ಇಳಿಯುತ್ತ ಹೋದರೆ ಐದನೆಯ ಡೋಸಿನೊಳಗೆ ಐವತ್ತರ ಗೆರೆ ದಾಟಿ ಪಾತಾಳ. ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಿದರೆ ಅದು ತಿರುಗಿ ಬರುತ್ತದೆ. ಆಗ ನೆನಪಾದದ್ದು ಕಪಾಟಿನ ಮೇಲಿದ್ದ ಒಂದು ಡಬ್ಬಿ. ಹಿಂದೆ ಯಾವುದೋ ಸಭಾಂಗಣಕ್ಕೆ ಪರದೆ ಹೊಲಿದುಕೊಟ್ಟಿದ್ದರು. ಗಾಳಿಗೆ ಹಾರದೆ ನೇರವಾಗಿ ಇಳಿಬೀಳಲೆಂದು ಪರದೆಯ ಕೆಳ ಅಂಚಿನೊಳಗೆ ಸೀಸದ ಬಿಲ್ಲೆಗಳನ್ನು ಇಟ್ಟು ಹೊಲಿಯುತ್ತಾರೆ. ಉಳಿದ ಬಿಲ್ಲೆಗಳು ಆ ಡಬ್ಬಿಯಲ್ಲಿದ್ದವು.

ಮಾಸ್ತರರು ತಮ್ಮ ಹಳೆಯ ಉಣ್ಣೆ ಕೋಟನ್ನು ತೆಗೆದು, ಲೈನಿಂಗ್ ಬಿಚ್ಚಿ, ಬಿಲ್ಲೆಗಳನ್ನು ಸಾಲಾಗಿ ಇಟ್ಟು, ಅಲ್ಲಾಡದಂತೆ, ಸದ್ದಾಗದಂತೆ, ಒಂದೊಂದಕ್ಕೂ ಗೂಡು ಮಾಡಿ ಹೊಲಿದರು. ತೂಕ ಒಂದೇ ಕಡೆ ಎಳೆಯಬಾರದು ನೋಡಿ. ಅಷ್ಟು ಬೆನ್ನಿಗೆ, ಅಷ್ಟು ಎದೆಗೆ, ಅಷ್ಟು ಅಂಚಿಗೆ ಹಂಚಿದರು. ಕಳ್ಳಕೆಲಸವೇ ಆದರೂ ಕೈಚಳಕಕ್ಕೆ ಮೆಚ್ಚಲೇಬೇಕು. ಕೀಮೋ ಕೊಡುವ ಕೋಣೆಯಲ್ಲಿ ಎಸಿ ಜೋರು, ಚಳಿಯಾಗುತ್ತದೆ ಎಂಬ ನೆಪ ಹೇಗೂ ಇತ್ತು. ನರ್ಸು ಚಪ್ಪಲಿ ಬಿಡಿಸುತ್ತಿದ್ದಳೇ ಹೊರತು ಕೋಟು ಬಿಡಿಸುತ್ತಿರಲಿಲ್ಲ. ಮೂರನೆಯ ಸಲ ಒಂದೂವರೆ ಕಿಲೋ ಸೀಸ. ನಾಲ್ಕನೆಯ ಸಲ ಮೂರು ಕಿಲೋ.

"ಪರವಾಗಿಲ್ಲ, ಹೆಚ್ಚು ಇಳಿದಿಲ್ಲ. ವಾಂತಿ ಎಷ್ಟು ಸಲ ಆಯ್ತು?" ಎಂದು ಡಾಕ್ಟರಮ್ಮ ಕೇಳಿದರೆ, "ಒಂದೋ ಎರಡೋ" ಎನ್ನುವರು. ಪಕ್ಕದಲ್ಲಿ ಕೂತ ಹೆಂಡತಿ ಹೆಮ್ಮೆಯಿಂದ "ತಟ್ಟೆ ತೊಳೆದಿಟ್ಟ ಹಾಗೆ ತಿಂತಾರೆ ಡಾಕ್ಟ್ರೇ" ಎಂದು ಸೇರಿಸುವಳು.

ಆದರೆ ಮೂರನೆಯ ಡೋಸಿನ ನಂತರದ ವಾರ ಮೊದಲೆರಡರ ಹಾಗಿರಲಿಲ್ಲ. ನಾಲ್ಕನೆಯದಂತೂ ಕೇಳಲೇಬೇಡಿ. ನೀರು ಕುಡಿದರೂ ಆಚೆ, ಎಂಜಲು ನುಂಗಿದರೂ ಆಚೆ. ಬಾಯೆಲ್ಲ ಹುಣ್ಣು. ಬಚ್ಚಲಿನ ಗೋಡೆಗೆ ತಲೆ ಆನಿಸಿ ಮಾಸ್ತರರು ಕೀಮೋ ಕಂಡುಹಿಡಿದವನ ಮೂರು ತಲೆಮಾರನ್ನು ಬೈದರು. ಇದು ಯಾಕೆ ಹೀಗೆ ಏರುತ್ತಿದೆ ಎಂದು ಡಾಕ್ಟರನ್ನು ಕೇಳುವ ಹಾಗಿಲ್ಲ. ಕೇಳಿದರೆ ಬಾಲ ಬಿಚ್ಚಿದ್ದೆಲ್ಲ ಹೊರಬೀಳುತ್ತದೆ.

ಐದನೆಯ ಡೋಸಿನ ದಿನ ಕೋಟಿನಲ್ಲಿ ನಾಲ್ಕು ಕಿಲೋ ಇತ್ತು. ಬಸ್ಸಿಳಿದು ಆಸ್ಪತ್ರೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಮಾಸ್ತರರು ಎರಡು ಸಲ ಕಂಬಿ ಹಿಡಿದು ನಿಂತರು. ಯಂತ್ರ ಐವತ್ತೆರಡೂವರೆ ತೋರಿಸಿತು. ನರ್ಸು ಬರೆದುಕೊಂಡಳು. ಗೆದ್ದೆ ಎಂದುಕೊಂಡು ಕುರ್ಚಿಯಲ್ಲಿ ಕೂತರೆ, ಎದುರಿನ ಕುರ್ಚಿಯವರಿಗೆ ಯಾರೋ ಬಿಸಿ ಸೂಪು ತಂದುಕೊಟ್ಟರು. ಮುಗಿಯಿತು! ಹಬೆ ಮೂಗಿಗೆ ಬಡಿದದ್ದೇ ತಡ, ಮಾಸ್ತರರು ಕೋಟಿನ ಮೇಲೆಯೇ ವಾಂತಿ ಮಾಡಿಕೊಂಡರು.

"ಅಯ್ಯೋ, ಇರ್ಲಿ ಇರ್ಲಿ, ಕೋಟು ತೆಗೀರಿ" ಎಂದು ನರ್ಸು ಓಡಿಬಂದಳು.

"ಬೇಡ ಸಿಸ್ಟರ್. ಬೇಡ. ಒಣಗುತ್ತೆ."

"ಒಣಗುತ್ತಂತೆ! ತೆಗೀರಿ ಅಂದ್ರೆ." ಆಕೆ ತೋಳು ಹಿಡಿದು ಎಳೆದು ಬಿಡಿಸಿಯೇಬಿಟ್ಟಳು. ಬಿಡಿಸಿದ ಕೋಟನ್ನು ಪಕ್ಕದಲ್ಲಿದ್ದ ಡ್ರಿಪ್ ಬಾಟಲಿಯ ಸ್ಟ್ಯಾಂಡಿಗೆ ನೇತುಹಾಕಿದಳು. ಸ್ಟ್ಯಾಂಡು ಒಂದು ಕ್ಷಣ ಯೋಚಿಸಿತು, ವಾಲಿತು, ಢಮಾರ್ ಎಂದು ನೆಲಕ್ಕೆ ಬಿತ್ತು. ಕೋಣೆಯಲ್ಲಿದ್ದ ಎಂಟೂ ಜನ ರೋಗಿಗಳು ತಿರುಗಿ ನೋಡಿದರು.

"ಏನಿದೆ ಇದರಲ್ಲಿ? ಇಟ್ಟಿಗೆನಾ?" ಎಂದಳು ನರ್ಸು.

ಹೆಂಡತಿ ಕೆಳಗೆ ಕೂತು ಕೋಟನ್ನು ಎತ್ತಿದಳು. ಎತ್ತಿದ ಕೈ ನಿಂತಿತು. ಅಂಚನ್ನು ಬೆರಳಿನಲ್ಲಿ ಒತ್ತಿ ನೋಡಿದಳು. ಲೈನಿಂಗಿನ ಹೊಲಿಗೆ ನೋಡಿದಳು. ಅಷ್ಟು ಸಣ್ಣ ಹೊಲಿಗೆ ಹಾಕುವ ಕೈ ಆ ಊರಿನಲ್ಲಿ ಒಂದೇ. ಹಲ್ಲಿನಲ್ಲಿ ದಾರ ಕಚ್ಚಿ ಹರಿದಳು. ಬಿಲ್ಲೆಗಳು ಟಣಟಣ ಎಂದು ಉದುರಿ ಕುರ್ಚಿಗಳ ಕೆಳಗೆ ಉರುಳಿಹೋದವು. ಅವಳು ಗಂಡನ ಕಡೆ ನೋಡಿದಳು. ಕೋಟಿಲ್ಲದೆ, ಮೈಗಂಟಿದ ಅಂಗಿಯಲ್ಲಿ, ಮಾಸ್ತರರು ಹ್ಯಾಂಗರಿನ ಹಾಗೆ ಕೂತಿದ್ದರು.

ಮತ್ತೆ ತೂಗಿದರು. ನಲವತ್ತೆಂಟೂವರೆ.

ಡಾಕ್ಟರಮ್ಮ ಬಂದು ಬಿಲ್ಲೆಯೊಂದನ್ನು ಅಂಗೈಯಲ್ಲಿಟ್ಟುಕೊಂಡು ತೂಗಿ ನೋಡಿದರು. ಗದರಿದ್ದರೇ ವಾಸಿಯಿತ್ತು.

"ಮಾಸ್ತರೇ, ಔಷಧಿ ಎಷ್ಟು ಹಾಕ್ಬೇಕು ಅಂತ ಹೇಗೆ ಲೆಕ್ಕ ಹಾಕ್ತೀವಿ ಗೊತ್ತಾ ನಿಮಗೆ? ಎತ್ತರ ನೋಡ್ತೀವಿ, ತೂಕ ನೋಡ್ತೀವಿ. ನೀವು ಅಳತೆ ತಗೊಂಡು ಬಟ್ಟೆ ಹೊಲಿಯಲ್ವಾ, ಹಾಗೆ. ಮೂರನೇದು, ನಾಲ್ಕನೇದು ನಾನು ಹಾಕಿದ್ದು ನಿಮಗಲ್ಲ. ಈ ಕೋಟು ಹಾಕ್ಕೊಂಡಿದ್ದ ಯಾರೋ ದಪ್ಪ ಮನುಷ್ಯನಿಗೆ."

ಮಾಸ್ತರರು ಬಾಯಿ ಮುಟ್ಟಿಕೊಂಡರು. "ಹಾಗಾದ್ರೆ ವಾಂತಿ, ಈ ಬಾಯಿ ಹುಣ್ಣು..."

"ಮಾತ್ರೆನೂ ಬಿಟ್ಟಿರ್ಬೇಕು. ಹೊಟ್ಟೆಗೆ ಏನೂ ಇಲ್ಲ. ಮೇಲಿಂದ ನಿಮಗೆ ಹೆಚ್ಚಾಗೋ ಡೋಸು. ಇನ್ನೇನಾಗುತ್ತೆ? ನಿಮ್ಮ ಪುಣ್ಯ, ರಕ್ತದ ರಿಪೋರ್ಟ್ ತೀರಾ ಕೆಟ್ಟಿಲ್ಲ. ಇವತ್ತು ಹಾಕಲ್ಲ. ಎರಡು ವಾರ ಟೈಮ್ ಕೊಡ್ತೀನಿ, ಐವತ್ತಕ್ಕೆ ಬನ್ನಿ. ಬರ್ಲಿಲ್ಲ ಅಂದ್ರೆ ಇಲ್ಲಿಗೇ ನಿಲ್ಲಿಸ್ತೀನಿ. ನಾನು ಮಾತಿಗೆ ಹೇಳ್ತಿಲ್ಲ."

ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಳ್ಳುವ ಗಿರಾಕಿಗಳನ್ನು ಕಂಡರೆ ಮಾಸ್ತರರಿಗೆ ಮೈಯೆಲ್ಲ ಉರಿಯುತ್ತಿತ್ತು. ಸುಳ್ಳು ಅಳತೆ ಕೊಟ್ಟು, ಆಮೇಲೆ ಗುಂಡಿ ಹಾಕಲಾಗದೆ ಬಂದು ಟೈಲರನ್ನು ಬೈಯುವ ಮಂದಿ. ಅಂಥವರನ್ನು ಅವರು ಬಾಯಿಂದ ಸೂಜಿ ತೆಗೆದು ಬೈದದ್ದೂ ಉಂಟು. ಈಗ ಆ ಪಂಗಡಕ್ಕೆ ತಾವೇ ಸೇರಿದ್ದರು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಮೂರು ಸ್ಟಾಪು ಕಳೆದ ಮೇಲೆ ಕೇಳಿದಳು: "ಯಾಕ್ರೀ ಹೀಗ್ಮಾಡಿದ್ರಿ?"

ಮಾಸ್ತರರು ಎರಡು ಎಡಭಾಗದ ಕಥೆ ಹೇಳಿದರು. ನಾಯಿಯ ಕಥೆ, ನಲ್ಲಿಯ ಕಥೆ, ಎಲ್ಲ ಹೇಳಿದರು. ಕೊನೆಗೆ, "ನಿಲ್ಲಿಸಿಬಿಡ್ತಾರೆ ಅಂತ ಭಯ ಆಯ್ತು ಕಣೇ. ನಂಗೆ ಸಾಯೋಕೆ ಇಷ್ಟ ಇಲ್ಲ" ಎಂದರು. ಆ ಮಾತನ್ನು ಅವರು ಅದುವರೆಗೆ ತಮಗೆ ತಾವೂ ಹೇಳಿಕೊಂಡಿರಲಿಲ್ಲ.

ಹೆಂಡತಿ ಅತ್ತಳು. ಅಳುತ್ತಲೇ ಬೈದಳು. "ಸಾಯೋಕೆ ಇಷ್ಟ ಇಲ್ಲದೋರು ಮೊಟ್ಟೆ ತಿಂತಾರೆ ಕಣ್ರೀ, ನಾಯಿಗೆ ಹಾಕಲ್ಲ! ಬೆಳಿಗ್ಗೆ ಎದ್ದು ನಾನು ಬೇಯಿಸಿ, ಸುಲಿದು, ಕಳಿಸಿದ್ರೆ... ಆ ದರಿದ್ರ ನಾಯಿ ನನ್ನ ನೋಡಿ ಬಾಲ ಅಲ್ಲಾಡಿಸೋದು ಯಾಕೆ ಅಂತ ಈಗ ಗೊತ್ತಾಯ್ತು." ಮುಂದಿನ ಸೀಟಿನವರು ತಿರುಗಿ ನೋಡಿದರು. ಅವಳು ಕಣ್ಣೊರೆಸಿಕೊಂಡು ಕೈ ಚಾಚಿದಳು. "ನಾಳೆಯಿಂದ ಮಾತ್ರೆ ಪೂರ್ತಿ. ನಿದ್ದೆ ಬಂದ್ರೆ ಬರ್ಲಿ. ಕತ್ತರಿ ನಂಗೆ ಕೊಡಿ."

ಮಾಸ್ತರರು ಅಂಗಡಿಯ ಬೀಗದ ಕೈ ತೆಗೆದು ಆಕೆಯ ಅಂಗೈಗಿಟ್ಟರು.

ಮಾರನೆಯ ದಿನದಿಂದ ಅಂಗಡಿಯ ರಾಜ್ಯಭಾರ ಬದಲಾಯಿತು. ಮಾಸ್ತರರು ಗೋಡೆ ಪಕ್ಕದ ಬೆಂಚಿನ ಮೇಲೆ ದಿಂಬು ಹಾಕಿಕೊಂಡು ಮಲಗುವುದು, ಅಲ್ಲಿಂದಲೇ ಅರ್ಧ ನಿದ್ದೆಯಲ್ಲಿ "ನಮೂನೆ ಮಗುಚಿದ್ಯಾ?" ಎಂದು ಕೂಗುವುದು. "ಮಗುಚಿದೆ, ಮಲ್ಕೊಳ್ಳಿ" ಎಂದು ಹೆಂಡತಿ ಸೀಮೆಸುಣ್ಣದಲ್ಲಿ ಗೆರೆ ಹಾಕುವುದು. ಮೊದಲ ದಿನ ಆಕೆ ಅಂಗಿಯೊಂದನ್ನು ಕತ್ತರಿಸುವಾಗ ಮಾಸ್ತರರು ನೋಡಲಾಗದೆ ಗೋಡೆಗೆ ತಿರುಗಿಕೊಂಡರು. ಆಮೇಲೆ ತುಂಡು ತೆಗೆದು ನೋಡಿದರೆ ಗೆರೆ ಅವರದ್ದಕ್ಕಿಂತ ನೇರವಾಗಿತ್ತು. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಇನ್ನೂ ಹೇಳಿಲ್ಲ.

ಇನ್ನು ತಿನ್ನುವ ಕೆಲಸ. ನರ್ಸು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದನ್ನು ಹೆಂಡತಿ ಕನ್ನಡಿಗೆ ಅಂಟಿಸಿದಳು. ಹಾಸಿಗೆಯಿಂದ ಏಳುವ ಮುಂಚೆಯೇ ಎರಡು ಒಣ ಬ್ರೆಡ್ಡು. ಖಾಲಿ ಹೊಟ್ಟೆಯಲ್ಲಿ ಎದ್ದರೆ ವಾಕರಿಕೆ ಜಾಸ್ತಿ. ಮಾತ್ರೆ ಮೊದಲು, ಅರ್ಧ ಗಂಟೆ ಬಿಟ್ಟು ಊಟ. ತಟ್ಟೆ ತುಂಬ ಬೇಡ, ಎರಡೆರಡು ಗಂಟೆಗೆ ಒಂದು ಬಟ್ಟಲು. ಬಿಸಿಯಾಗಿದ್ದರೆ ವಾಸನೆ ಏಳುತ್ತದೆ, ಆದ್ದರಿಂದ ಎಲ್ಲವೂ ತಣ್ಣಗೆ. ನೀರು ಊಟದ ಜೊತೆಗಲ್ಲ, ಊಟಗಳ ನಡುವೆ, ಗುಟುಕು ಗುಟುಕಾಗಿ. ಸ್ಟೀಲು ಚಮಚ ಹೋಗಿ ಪ್ಲಾಸ್ಟಿಕ್ ಚಮಚ ಬಂತು, ಸೂಜಿಯ ರುಚಿ ಅರ್ಧಕ್ಕರ್ಧ ಇಳಿಯಿತು. ಅರೆ, ಇಷ್ಟೇನಾ ಎಂದು ಮಾಸ್ತರರಿಗೆ ಪಿಚ್ಚೆನಿಸಿತು.

ಆದರೂ ಒಂದೊಂದು ಬಟ್ಟಲೂ ಒಂದೊಂದು ಜಗಳ. ಮೊಸರಿಗೆ ಬಾಳೆಹಣ್ಣು ಕಿವುಚಿ ತಂದರೆ "ನಾಲ್ಕು ಚಮಚ" ಎಂದು ಅವರು, "ಹತ್ತು" ಎಂದು ಇವಳು, ಚೌಕಾಸಿಯಾಗಿ ಏಳಕ್ಕೆ ಇತ್ಯರ್ಥ. ಬೆಣ್ಣೆ ಹಾಕಿದ ಆಲೂಗಡ್ಡೆಗೆ ಒಂದು ದಿನ ಒಪ್ಪಿದವರು ಮಾರನೆಯ ದಿನ ಅದನ್ನು ಕಂಡರೇ ಹೇಸುವರು. ಹಾಲಿಗೆ ಕಡಲೆಕಾಯಿ ಪುಡಿ, ಕ್ಯಾರೆಟ್ಟಿಗೆ ಬದಲು ಗೆಣಸು, ಹೀಗೆ ಆಕೆ ದಿನಕ್ಕೊಂದು ದಾರಿ ಹುಡುಕಿದಳು. ನಡುವೆ ಗಡಿಯಾರದವನು ಬಂದು ಹಣ್ಣಿನ ರಸದ ವಿಷಯ ಎತ್ತಿದ. ಆಕೆ ಅಳತೆ ಪುಸ್ತಕದ ಹಾಳೆ ಹರಿದು ದೊಡ್ಡಕ್ಷರದಲ್ಲಿ ಬರೆದು ಬಾಗಿಲಿಗೆ ತೂಗುಹಾಕಿದಳು: ಇಲ್ಲಿ ಬಟ್ಟೆ ಮಾತ್ರ ತೆಗೆದುಕೊಳ್ಳಲಾಗುವುದು. ಸಲಹೆ ತೆಗೆದುಕೊಳ್ಳುವುದಿಲ್ಲ.

ಎರಡು ವಾರ ಕಳೆಯಿತು. ಆಸ್ಪತ್ರೆಯಲ್ಲಿ ನರ್ಸು ಈ ಸಲ ಪಾಠ ಕಲಿತಿದ್ದಳು. ಪರದೆ ಎಳೆದು, ಬನಿಯನ್-ಚಡ್ಡಿಯಲ್ಲಿ ನಿಲ್ಲಿಸಿದಳು. "ಚಡ್ಡಿಯ ಅಂಚೂ ಮುಟ್ಟಿ ನೋಡ್ಲಾ?" ಎಂದು ಕಾಲೆಳೆದಳು. ಮಾಸ್ತರರು ನಗಲಿಲ್ಲ. ಯಂತ್ರದ ಮೇಲೆ ಕಣ್ಣು ಮುಚ್ಚಿ ನಿಂತಿದ್ದರು.

ನಲವತ್ತೊಂಬತ್ತು ಕಿಲೋ ಎಂಟುನೂರು ಗ್ರಾಂ.

"ಇನ್ನೂರು ಗ್ರಾಂ ಕಮ್ಮಿ" ಎಂದರು ಡಾಕ್ಟರಮ್ಮ. ರಕ್ತದ ರಿಪೋರ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು. "ಎರಡು ವಾರದಲ್ಲಿ ಒಂದು ಕಿಲೋ ಮುನ್ನೂರು ಗ್ರಾಂ ಏರಿದೀರಿ. ರಕ್ತ ಚೆನ್ನಾಗಿದೆ. ಹಾಕೋಣ. ಆದ್ರೆ ಡೋಸು ಈ ತೂಕಕ್ಕೇ, ನಿಮ್ಮ ನಿಜವಾದ ತೂಕಕ್ಕೆ."

ಮಾಸ್ತರರು ಬಟ್ಟೆ ಹಾಕಿಕೊಂಡರು. ಕುರ್ಚಿಯಲ್ಲಿ ಕೂತರು. ನರ್ಸು ಕೈಗೆ ಸೂಜಿ ಹಾಕಿ ಡ್ರಿಪ್ ಬಿಟ್ಟಳು. ಹೆಂಡತಿಗೆ ಹಗುರಾದ ಖುಷಿಯಲ್ಲಿ ಮಕ್ಕಳಾಟ ಶುರುವಾಯಿತು. "ನಂದೂ ಒಂದ್ಸಲ ನೋಡಿಬಿಡಿ ಸಿಸ್ಟರ್. ಇವರಿಗೆ ತಿನ್ಸಿ ತಿನ್ಸಿ ನಾನೆಷ್ಟು ಉಬ್ಬಿದೀನೋ" ಎಂದು ಚಪ್ಪಲಿ ಬಿಟ್ಟು ಯಂತ್ರ ಹತ್ತಿದಳು.

"ನಲವತ್ನಾಲ್ಕು" ಎಂದಳು ನರ್ಸು.

"ನಿಮ್ಮ ಯಂತ್ರ ಕೆಟ್ಟಿದೆ. ಹಿಂದೆ ಯಾವಾಗ್ಲೋ ನೋಡಿದಾಗ ಐವತ್ತರ ಮೇಲಿದ್ದೆ" ಎಂದು ನಕ್ಕು ಇಳಿಯಲು ಹೊರಟಳು.

ಮಾಸ್ತರರಿಗೆ ಕಿಲೋ ಲೆಕ್ಕ ಬೇಕಾಗಿರಲಿಲ್ಲ. ಆಕೆ ಬೆನ್ನು ತಿರುಗಿಸಿ ನಿಂತಿದ್ದಳು, ಮೈಮೇಲೆ ಅವರೇ ಕತ್ತರಿಸಿ ಹೊಲಿದ ಚೂಡಿದಾರದ ಅಂಗಿ. ಭುಜದ ಹೊಲಿಗೆ ಭುಜದ ಮೇಲಿರಲಿಲ್ಲ, ಒಂದೂವರೆ ಇಂಚು ಕೆಳಗೆ ತೋಳಿನ ಮೇಲೆ ಜಾರಿ ಕೂತಿತ್ತು. ಬೆನ್ನಿನಲ್ಲಿ ಬಟ್ಟೆ ನೆರಿಗೆಗಟ್ಟಿ ಇಳಿಬಿದ್ದಿತ್ತು. ಬೀದಿಯಲ್ಲಿ ಹೋಗುವವರ ಅಳತೆಯನ್ನು ಬಾಗಿಲಲ್ಲಿ ನಿಂತು ಹೇಳಬಲ್ಲ ಕಣ್ಣು ಅವರದ್ದು. ನಾಲ್ಕು ತಿಂಗಳಿಂದ ಪಕ್ಕದಲ್ಲೇ ಓಡಾಡುತ್ತಿದ್ದ ಹೆಂಡತಿಯನ್ನು ಆ ಕಣ್ಣು ನೋಡಿರಲಿಲ್ಲ.

"ಬಾ ಇಲ್ಲಿ" ಎಂದರು. ಆಕೆ ಬಂದಳು. "ನೀನು ಏನು ತಿಂತಿದೀಯ?"

"ಎಲ್ಲಾ ತಿಂತೀನಿ."

"ಏನು ಅಂತ ಕೇಳ್ದೆ."

ಆಕೆ ಡ್ರಿಪ್ಪಿನ ಕಡೆ ನೋಡಿದಳು. "ಬ್ರೆಡ್ಡು. ಟೀ. ಬಿಸ್ಕತ್ತು ಇದ್ರೆ ಬಿಸ್ಕತ್ತು."

"ಅನ್ನ? ಪಲ್ಯ?"

"ನಿಮಗೆ ವಾಸನೆ ಆಗಲ್ವಲ್ರೀ. ಒಂದಿನ ಒಗ್ಗರಣೆ ಹಾಕಿದ್ದಕ್ಕೆ ಕೆಳಗೆ ನೀವು ಹೊಟ್ಟೆ ಹಿಡ್ಕೊಂಡಿದ್ದು ನೋಡ್ದೆ. ಅವತ್ತಿಂದ ಬಾಣಲೆ ಇಟ್ಟಿಲ್ಲ. ನಿಮ್ಮ ಆ ಬೇಯಿಸಿದ್ದನ್ನ ಉಪ್ಪು ಖಾರ ಇಲ್ದೆ ತಿನ್ನೋಕೆ ನನ್ನ ಕೈಲಿ ಆಗಲ್ಲಪ್ಪ, ಮೂರೂ ಹೊತ್ತು. ನಿಮ್ಮದು ಮುಗಿದ ಮೇಲೆ ತಿಂದರಾಯ್ತು ಅಂತ..."

ಮಾಸ್ತರರು ಅತ್ತರು. ಎಂಟು ಜನರ ಮುಂದೆ, ಕೈಗೆ ಸೂಜಿ ಚುಚ್ಚಿಸಿಕೊಂಡು, ಚಿಕ್ಕ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ತಮ್ಮ ಒಂದೊಂದು ಗ್ರಾಮಿನ ಲೆಕ್ಕವನ್ನೂ ಇಟ್ಟವರು, ನೀನು ಊಟ ಮಾಡಿದೆಯಾ ಎಂದು ಒಂದು ದಿನ ಕೇಳಿರಲಿಲ್ಲ. "ಸುಮ್ನಿರ್ರೀ, ಎಲ್ಲ ನೋಡ್ತಿದಾರೆ" ಎಂದು ಆಕೆ ಒರೆಸಲು ಸೆರಗಿಲ್ಲದೆ ಆಸ್ಪತ್ರೆಯ ಟವೆಲ್ಲಿನಲ್ಲೇ ಅವರ ಮೂಗು ಒರೆಸಿದಳು.

ಐದನೆಯ ಡೋಸಿನ ನಾಲ್ಕನೆಯ ದಿನ, ಯಾವಾಗಲೂ ಅದೇ ಕೆಟ್ಟ ದಿನ, ಮಾಸ್ತರರು ಮಧ್ಯಾಹ್ನಕ್ಕೆ ಮೊದಲು ಮಾತ್ರೆ ಪೂರ್ತಿ ನುಂಗಿದರು. ತಾವೇ ಹೋಗಿ ಈರುಳ್ಳಿ, ಬೆಳ್ಳುಳ್ಳಿ, ಮೀನು ತಂದು ಮೇಲಿನ ಮನೆಯ ಬಾಗಿಲಲ್ಲಿಟ್ಟು, ಉಸಿರು ಬಿಗಿಹಿಡಿದುಕೊಂಡು ಕೆಳಗಿಳಿದರು. "ಇವತ್ತು ಹುರಿ. ಖಾರ ಹಾಕು. ಕಿಟಕಿ ತೆಗಿ. ನಾನು ರಸ್ತೆ ಆಚೆ ಇರ್ತೀನಿ" ಎಂದು ಕೂಗಿ ಹೇಳಿದರು. ಹೆಂಡತಿ ಬೇಡ ಎಂದಳು. ಮಾಸ್ತರರು ಕೇಳಿಸಿಕೊಳ್ಳದೆ ರಸ್ತೆ ದಾಟಿ, ಕ್ಷೌರದ ಅಂಗಡಿಯ ಮುಂದೆ ಸ್ಟೂಲು ಹಾಕಿಸಿಕೊಂಡು, ಹೆಚ್ಚಿದ ನಿಂಬೆಹಣ್ಣನ್ನು ಮೂಗಿಗೆ ಒತ್ತಿಕೊಂಡು ಕೂತರು.

ಸ್ವಲ್ಪ ಹೊತ್ತಿಗೆ ಮೇಲಿನ ಕಿಟಕಿಯಿಂದ ಬಾಣಲೆಯ ಸದ್ದು ಬಂತು. ಅದರ ಹಿಂದೆ ವಾಸನೆ ರಸ್ತೆ ದಾಟಿತು. ನಿಂಬೆಹಣ್ಣು ಸೋತಿತು.

"ಒಳಗೆ ಬನ್ನಿ ಮಾಸ್ತರೇ, ಬಾಗಿಲು ಹಾಕ್ತೀನಿ" ಎಂದ ಕ್ಷೌರದವನು.

"ಇರಪ್ಪ ಸುಮ್ನೆ" ಎಂದು ಅವರು ಕತ್ತೆತ್ತಿ ಕೂಗಿದರು: "ತಿಂದ್ಯಾ?"

"ಇನ್ನೂ ಹುರೀತಿದೀನಿ! ನಿಮಗೆ ಆಗ್ತಿದೆಯಾ ಇಲ್ವಾ ಹೇಳಿ, ನಿಲ್ಲಿಸ್ತೀನಿ!"

"ನಿಲ್ಲಿಸಿದ್ರೆ ನೋಡು ಮತ್ತೆ!"

ಬಾಣಲೆಯ ಸದ್ದು ನಿಂತಿತು. ಆಮೇಲೆ ಆಕೆ ತಟ್ಟೆ ಹಿಡಿದು ಕಿಟಕಿಗೆ ಬಂದಳು. ಬಾಯಿ ತುಂಬಿತ್ತು, ಕೆನ್ನೆ ಉಬ್ಬಿತ್ತು, ಖಾರಕ್ಕೋ ಯಾವುದಕ್ಕೋ ಕಣ್ಣಿನಲ್ಲಿ ನೀರಿತ್ತು. "ಎರಡನೇ ಸಲ ಹಾಕ್ಕೊಂಡೆ!" ಎಂದು ಕೂಗಿದಳು.

ಮಾಸ್ತರರು ಕೈಯೆತ್ತಿ ಒಂದು ನಿಮಿಷ ಎಂದು ಸನ್ನೆ ಮಾಡಿ, ಪಕ್ಕದ ಚರಂಡಿಗೆ ಬಾಗಿ, ಬೆಳಗಿನ ಏಳು ಚಮಚ ಮೊಸರನ್ನೂ ವಾಂತಿ ಮಾಡಿದರು. ಕ್ಷೌರದವನು ಕೊಟ್ಟ ನೀರಿನಲ್ಲಿ ಬಾಯಿ ಮುಕ್ಕಳಿಸಿ, ತೋಳಿನಲ್ಲಿ ಒರೆಸಿಕೊಂಡು, ಮತ್ತೆ ಕತ್ತೆತ್ತಿದರು.

"ಮೂರನೇ ಸಲಾನೂ ಹಾಕ್ಕೋ!"